ಹರಾಜು ಚಲಪತಿಯ ನಾಲಿಗೆ

ಚಿಂತಾಮಣಿ
8 ಜನವರಿ 2024

ಡಾಕ್ಟರಮ್ಮನವರಿಗೆ ಚಲಪತಿಯ ನಮಸ್ಕಾರಗಳು.

ಕಳೆದ ವಾರ ನಾನು ಬೆಂಗಳೂರಿಗೆ ತಪಾಸಣೆಗೆ ಬಂದಿದ್ದಾಗ ನೀವು ನಿಮ್ಮ ಸಂಶೋಧನೆಯ ವಿವರ ಇರುವ ಒಂದು ಕಾಗದ ಕೊಟ್ಟಿರಿ. ಅದರ ಕೊನೆಯಲ್ಲಿ ‘ಸಂದೇಹಗಳಿದ್ದರೆ ಫೋನ್ ಮಾಡಿ ಅಥವಾ ಬರೆಯಿರಿ’ ಎಂದಿದೆ. ಫೋನ್ ಮಾಡುವ ಹಾಗಿದ್ದರೆ ನಾನು ನಿಮ್ಮ ಆಸ್ಪತ್ರೆಗೆ ಯಾಕೆ ಬರುತ್ತಿದ್ದೆ? ಅದಕ್ಕೇ ಬರೆಯುತ್ತಿದ್ದೇನೆ. ಮೊಬೈಲಿನ ಸಣ್ಣ ಅಕ್ಷರ ಒತ್ತುವಷ್ಟು ಬಲಗೈ ಬೆರಳು ಇನ್ನೂ ಚುರುಕಾಗಿಲ್ಲ, ಪೆನ್ನು ಮಾತ್ರ ಹಿಡಿಯಬಲ್ಲೆ.

ನಾನು ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಕೋನಪ್ಪನವರ ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುವವನು. ಇಲ್ಲಿ ಬರೀ ಚಲಪತಿ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಹರಾಜು ಚಲಪತಿ ಎನ್ನಬೇಕು. ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಏರಿಸಿ, ಉರ್ದುವಿನಲ್ಲಿ ಮುಗಿಸುತ್ತಿದ್ದೆ. ಮೈಕು ಹಿಡಿದವನಲ್ಲ. ಹೋದ ವರ್ಷ ಜುಲೈನಲ್ಲಿ ಟೊಮೇಟೊಗೆ ಬಂಗಾರದ ರೇಟು ಬಂದಿತ್ತಲ್ಲ, ಆ ದಿನಗಳಲ್ಲೇ ಒಂದು ಬೆಳಿಗ್ಗೆ ಒಂದು ಬಾಕ್ಸಿಗೆ ‘ಎರಡು ಸಾವಿರದ ಇನ್ನೂರು’ ಎಂದು ಕೂಗಲು ಹೋದವನು ‘ಎರಡು’ ಎಂದು ನಿಂತೆ. ಅಷ್ಟೇ. ಬಲಗೈ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ಕೈ ವಾಪಸ್ಸು ಬಂತು, ಬಾಯೂ ನೆಟ್ಟಗಾಯಿತು. ಮಾತು ಬರಲಿಲ್ಲ. ಎಲ್ಲ ಅರ್ಥವಾಗುತ್ತದೆ, ಬರೆಯಲೂ ಬರುತ್ತದೆ. ಬಾಯಿಗೆ ತರಲು ಹೋದರೆ ನಾಲಿಗೆಗೆ ಎತ್ತ ಹೋಗಬೇಕೆಂದೇ ಗೊತ್ತಾಗುವುದಿಲ್ಲ. ‘ಆ’ ಎಂಬ ಸದ್ದೊಂದು ಬಿಟ್ಟು ಬೇರೇನೂ ಇಲ್ಲ. ಈಗ ನನ್ನ ಹೆಂಡತಿ ಜಾನಕಮ್ಮನೇ ನನ್ನ ಪರವಾಗಿ ಮಾತಾಡುವುದು. ಯಾರಾದರೂ ನನ್ನನ್ನು ಏನಾದರೂ ಕೇಳಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಉತ್ತರ ಕೊಟ್ಟು ಮುಗಿಸಿರುತ್ತಾಳೆ. ಇನ್ನು ಕೆಲವರು ನನಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬಂತೆ ಕಿರುಚುತ್ತಾರೆ.

ನನ್ನ ಸಂದೇಹಗಳು: ನಿಮ್ಮ ಕಾಗದದಲ್ಲಿ ಬರೆದಿರುವ ಆಯಸ್ಕಾಂತವನ್ನು ತಲೆಯೊಳಗೆ ಇಡುತ್ತೀರಾ, ಹೊರಗೆ ಇಡುತ್ತೀರಾ? ತಲೆ ಬೋಳಿಸಬೇಕೇ? ಎಷ್ಟು ಸಲ ಬಂದರೆ ಮಾತು ಬರುತ್ತದೆ?

ಇಂತಿ,
ಚಲಪತಿ


ಬೆಂಗಳೂರು
17 ಜನವರಿ 2024

ಚಲಪತಿಯವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ನಮ್ಮ ಲ್ಯಾಬಿಗೆ ಕೈಬರಹದ ಪತ್ರ ಬಂದದ್ದು ಇದೇ ಮೊದಲು. ಮೊದಲಿಗೆ ಒಂದು ತಿದ್ದುಪಡಿ: ನಾನು ಚಿಕಿತ್ಸೆ ಕೊಡುವ ಡಾಕ್ಟರ್ ಅಲ್ಲ, ಮಿದುಳಿನ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿನಿ. ಹೆಸರು ಶಾಂಭವಿ. ಊರು ಗೌರಿಬಿದನೂರು, ಅಪ್ಪ ಅಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದರು.

ಆಯಸ್ಕಾಂತ ತಲೆಯ ಹೊರಗೇ ಇರುತ್ತದೆ. ತಲೆ ಬೋಳಿಸಬೇಕಾಗಿಲ್ಲ. ನೀವು ಎಂ.ಆರ್.ಐ. ಯಂತ್ರದೊಳಗೆ ಮಲಗಿರುತ್ತೀರಿ. ತಲೆಗೆ ಒತ್ತಿದಂತೆ ಒಂದು ಸುರುಳಿ ಇಟ್ಟಿರುತ್ತೇವೆ. ಅದರಲ್ಲಿ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ವಿದ್ಯುತ್ ಹರಿಸಿದರೆ ಆಯಸ್ಕಾಂತದ ಬಲ ಹುಟ್ಟಿ, ಬುರುಡೆಯನ್ನು ದಾಟಿ, ಮಿದುಳಿನ ಬೆರಳಗಲದಷ್ಟು ಜಾಗವನ್ನು ತಟ್ಟುತ್ತದೆ. ತಟ್ಟಿದ ಕೂಡಲೇ ಯಂತ್ರ ಚಿತ್ರ ತೆಗೆಯುತ್ತದೆ. ಬರೀ ಚಿತ್ರ ನೋಡಿದರೆ ಮಿದುಳಿನ ಯಾವ ಯಾವ ಜಾಗಗಳು ಒಟ್ಟಿಗೆ ಕೆಲಸ ಮಾಡುತ್ತವೆ ಎಂದಷ್ಟೇ ಗೊತ್ತಾಗುತ್ತದೆ. ಯಾವುದು ಯಾವುದನ್ನು ಎಬ್ಬಿಸುತ್ತದೆ ಎಂದು ತಿಳಿಯಬೇಕಾದರೆ ಒಂದು ಕಡೆ ತಟ್ಟಿ, ಇನ್ನೆಲ್ಲಿ ಕದಲಿತು ಎಂದು ನೋಡಬೇಕು. ನಾಲಿಗೆಯನ್ನು ನಡೆಸುವ ಜಾಗಕ್ಕೂ ಮಿದುಳಿನ ಉಳಿದ ಭಾಗಕ್ಕೂ ಸಂಪರ್ಕ ಎಲ್ಲಿ ಕಡಿದಿದೆ ಎಂದು ನಿಮ್ಮಂಥವರಲ್ಲಿ ನೋಡುವುದು ನಮ್ಮ ಉದ್ದೇಶ.

ಮೂರು ಸರದಿಗಳಿವೆ. ಅವುಗಳಲ್ಲಿ ಒಂದು ಹುಸಿ. ಅಂದರೆ ಸುರುಳಿ ಸದ್ದು ಮಾಡುತ್ತದೆ, ಆದರೆ ಬಲ ಮಿದುಳಿಗೆ ತಲುಪದಂತೆ ನಡುವೆ ಅಡ್ಡ ಇಟ್ಟಿರುತ್ತಾರೆ. ಹೋಲಿಸಿ ನೋಡಲು ಅದು ಬೇಕು. ಯಾವ ಸಲದ್ದು ಹುಸಿ ಎಂದು ಮುಂಚಿತವಾಗಿ ನಿಮಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಇದು ಚಿಕಿತ್ಸೆಯಲ್ಲ. ಇದರಿಂದ ಮಾತು ಬರುತ್ತದೆ ಎಂದು ನಾನು ಹೇಳಲಾರೆ. ನನ್ನ ಪ್ರಶ್ನೆಯೂ ಒಂದಿದೆ. ನಿಮಗೆ ಎಂದಾದರೂ ಫಿಟ್ಸ್ ಬಂದಿತ್ತೇ? ಬಂದಿದ್ದರೆ ಈ ಪ್ರಯೋಗಕ್ಕೆ ನಿಮ್ಮನ್ನು ಸೇರಿಸುವಂತಿಲ್ಲ.

ಶಾಂಭವಿ


ಚಿಂತಾಮಣಿ
25 ಜನವರಿ 2024

ಡಾಕ್ಟರಮ್ಮನವರಿಗೆ,

ಪಿಎಚ್.ಡಿ. ಮುಗಿದರೆ ಡಾಕ್ಟರೇ ಅಲ್ಲವೇ? ಮುಂಚೆಯೇ ಕರೆದರೆ ನಷ್ಟವಿಲ್ಲ.

ಫಿಟ್ಸ್ ನನಗೆ ಬಂದಿಲ್ಲ. ನಮ್ಮ ವಂಶದಲ್ಲಿ ಯಾರಿಗೂ ಬಂದಿಲ್ಲ. ನಾನು ಬರುತ್ತೇನೆ.

ಚಿಕಿತ್ಸೆಯಲ್ಲ ಎಂದು ನೀವು ಬರೆಯಲೇಬೇಕಾಗುತ್ತದೆ, ಅದು ನನಗೆ ಅರ್ಥವಾಯಿತು. ಮಂಡಿಯಲ್ಲಿ ನಾವೂ ‘ಮಾಲು ನೋಡಿ ಕೊಳ್ಳಿ, ಆಮೇಲೆ ಜವಾಬ್ದಾರಿ ನಮ್ಮದಲ್ಲ’ ಎಂದು ಬೋರ್ಡು ಹಾಕಿದ್ದೇವೆ. ಹಾಗೆಂದು ಕೆಟ್ಟ ಮಾಲು ಮಾರುತ್ತೇವೆಯೇ? ಇಷ್ಟು ದೊಡ್ಡ ಯಂತ್ರ ಇಟ್ಟುಕೊಂಡು, ಇಷ್ಟು ಓದಿದವರು ನನ್ನ ನಾಲಿಗೆಯ ಜಾಗವನ್ನೇ ಹುಡುಕಿ ತಟ್ಟುತ್ತೀರಿ ಎಂದ ಮೇಲೆ ಏನಾದರೂ ಆಗಿಯೇ ಆಗುತ್ತದೆ.

ಯಾವತ್ತು ಬರಬೇಕು, ತಿಳಿಸಿ.

ಚಲಪತಿ


ಚಿಂತಾಮಣಿ
14 ಫೆಬ್ರವರಿ 2024

ಡಾಕ್ಟರಮ್ಮನವರಿಗೆ,

ಮೊದಲ ಸರದಿ ಮುಗಿಸಿ ಬಂದು ಒಂದು ವಾರವಾಯಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ.

ಲೋಹದ್ದೇನೂ ಮೈಮೇಲೆ ಇರಬಾರದು ಎಂದಾಗ ಉಂಗುರ ತೆಗೆದೆ, ಕನ್ನಡಕ ತೆಗೆದೆ. ಉಡುದಾರ ಬೆಳ್ಳಿಯದು. ನಮ್ಮಮ್ಮ ಕಟ್ಟಿದ ನೂಲು ಹೋಗಿ ಮದುವೆಯಲ್ಲಿ ಬೆಳ್ಳಿಯದಾದ ಮೇಲೆ ಅದನ್ನು ಒಂದು ದಿನವೂ ಬಿಚ್ಚಿರಲಿಲ್ಲ. ಜಾನಕಿ ನಿಮ್ಮನ್ನು ‘ಅದೊಂದು ಇರ್ಲಿ ಬಿಡಮ್ಮ, ಒಳ್ಗಡೆ ಇರೋದು ತಾನೆ, ಯಾರಿಗ್ ಕಾಣ್ಸುತ್ತೆ’ ಎಂದು ಕೇಳಿದಳಲ್ಲ, ನೀವು ನಗದೆ ‘ಯಂತ್ರಕ್ಕೆ ಕಾಣ್ಸುತ್ತೆ ಅಮ್ಮ’ ಎಂದಿರಿ. ಅವಳು ಅಲ್ಲೇ ಸೆರಗಿನ ಅಂಚಿನಿಂದ ನೂಲು ಎಳೆದು ಕಟ್ಟಿದಳು.

ಒಳಗೆ ಇಕ್ಕಟ್ಟು. ಕಿವಿಗೆ ಹತ್ತಿ ತುರುಕಿದ್ದರೂ ಸದ್ದು ಬಿಡಲಿಲ್ಲ. ಬೋರ್‌ವೆಲ್ ಕೊರೆಯುವ ಹಾಗೆ ಯಂತ್ರದ ಸದ್ದು, ಅದರ ನಡುನಡುವೆ ಕಿವಿಯ ಮೇಲ್ಗಡೆ ‘ಟಕ್’. ಆ ಟಕ್ ಆದಾಗಲೆಲ್ಲ ತುಟಿಯ ಮೂಲೆ ನನ್ನನ್ನು ಕೇಳದೆ ತಾನೇ ಹಾರುತ್ತಿತ್ತು. ಏಳು ತಿಂಗಳಿಂದ ನಾನು ಎಷ್ಟು ಬೇಡಿಕೊಂಡರೂ ಹೇಳಿದಂತೆ ಕೇಳದ ಬಾಯಿ, ನಿಮ್ಮ ಸುರುಳಿಯ ಮಾತು ಕೇಳುತ್ತದೆ! ನನಗೆ ಅಳು ಬಂತು. ತಲೆ ಅಲ್ಲಾಡಿಸಬಾರದು ಎಂದಿದ್ದಿರಿ, ತಡೆದುಕೊಂಡೆ.

ಮಾತೇನೂ ಬಂದಿಲ್ಲ. ಇದು ಮೊದಲನೆಯದಷ್ಟೇ ತಾನೇ.

ಚಲಪತಿ


ಬೆಂಗಳೂರು
22 ಫೆಬ್ರವರಿ 2024

ಚಲಪತಿಯವರಿಗೆ ನಮಸ್ಕಾರ.

ತುಟಿ ಹಾರುವುದು ನಿರೀಕ್ಷಿತವೇ. ತುಟಿ ನಾಲಿಗೆಗಳನ್ನು ನಡೆಸುವ ಜಾಗವನ್ನು ಹೊರಗಿನಿಂದ ತಟ್ಟಿದರೆ ಯಾರಿಗಾದರೂ ಹಾಗಾಗುತ್ತದೆ, ನನಗೂ ಆಗುತ್ತದೆ. ಅದು ಸುಧಾರಣೆಯ ಲಕ್ಷಣವಲ್ಲ. ದಯವಿಟ್ಟು ಇದನ್ನು ಎರಡು ಸಲ ಓದಿ.

ನಿಮ್ಮ ಚಿತ್ರಗಳು ಬಹಳ ಚೆನ್ನಾಗಿ ಬಂದಿವೆ. ನಾಲಿಗೆಯ ಜಾಗವನ್ನು ತಟ್ಟಿದಾಗ ಬಲ ಮಿದುಳಿನಲ್ಲೂ, ಹಿಂಭಾಗದ ಕಿರುಮಿದುಳಿನಲ್ಲೂ ಕದಲಿಕೆ ಕಂಡಿತು. ಎಡಗಡೆ ಮುಂದಿನ ಒಂದು ಜಾಗ ಮಾತ್ರ ಕದಲಲೇ ಇಲ್ಲ. ನಾವು ಇದುವರೆಗೆ ತೆಗೆದವುಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಬೇರೆ ಇಲ್ಲ. ನನ್ನ ಪಿಎಚ್.ಡಿ. ಗೈಡ್ ಕೂಡ ತರಿಸಿಕೊಂಡು ನೋಡಿದರು.

ಎರಡನೆಯ ಸರದಿ ಮಾರ್ಚ್ 13ರಂದು, ಬುಧವಾರ. ಪ್ರತಿ ಸರದಿಯ ನಂತರ ಏನೇ ಬದಲಾವಣೆ ಕಂಡರೂ, ಸಣ್ಣದಾದರೂ, ತಿಳಿಸಿ.

ಶಾಂಭವಿ


ಚಿಂತಾಮಣಿ
19 ಮಾರ್ಚ್ 2024

ಡಾಕ್ಟರಮ್ಮನವರಿಗೆ,

ಸಿಹಿ ಸುದ್ದಿ. ಎರಡನೆಯ ಸರದಿ ಕೆಲಸ ಮಾಡಿದೆ.

ಈ ಸಲ ತುಟಿ ಹಾರಲಿಲ್ಲ. ಸದ್ದು ಮಾತ್ರ ಹಾಗೇ ಇತ್ತು. ಇನ್ನು ಹೊರಗಿನಿಂದ ಎಳೆಯುವ ಅಗತ್ಯವಿಲ್ಲ, ಒಳಗಿನಿಂದಲೇ ಹಿಡಿತ ಬರುತ್ತಿದೆ ಎಂದು ನನಗೆ ಅಲ್ಲೇ ಅನಿಸಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೊಸಕೋಟೆ ದಾಟಿದ ಮೇಲೆ ತುಟಿ ಮುಚ್ಚಿ, ಉಸಿರು ಕಟ್ಟಿ, ಬಿಟ್ಟೆ. ‘ಮ’ ಎಂದಿತು! ಜಾನಕಿ ತಿರುಗಿ ನೋಡಿದಳು. ಇನ್ನೊಮ್ಮೆ ‘ಮ’ ಎಂದೆ. ‘ಏನ್ರೀ ಅದು, ಮತ್ತೊಂದ್ಸಲ ಅನ್ರೀ’ ಎಂದು ಬಸ್ಸೆಲ್ಲ ಕೇಳುವ ಹಾಗೆ ಕೂಗಿದಳು. ಚಿಂತಾಮಣಿ ಬರುವಷ್ಟರಲ್ಲಿ ‘ಮಾ’ ಕೂಡ ಆಯಿತು.

ಭಾನುವಾರ ಇನ್ನೂ ದೊಡ್ಡದು. ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಎದ್ದಾಗ ದಿಂಬಿನ ಮೇಲೆ ರಕ್ತ. ನಾಲಿಗೆಯ ಒಂದು ಪಕ್ಕ ಕಚ್ಚಿಕೊಂಡಿದ್ದೆ. ನಾನು ಗೊರಗೊರ ಸದ್ದು ಮಾಡುತ್ತಾ ಹಲ್ಲು ಕಡಿಯುತ್ತಿದ್ದೆ, ಎಬ್ಬಿಸಿದರೂ ಏಳಲಿಲ್ಲ ಎನ್ನುತ್ತಾಳೆ ಜಾನಕಿ. ಅವಳು ಹೆದರಿದ್ದಾಳೆ, ನಾನು ಹೆದರಲಿಲ್ಲ. ಇಷ್ಟು ದಿನ ಸತ್ತಂತೆ ಬಿದ್ದಿದ್ದ ನಾಲಿಗೆ ನಿದ್ದೆಯಲ್ಲಿ ತಾನಾಗಿ ಆಡಿದೆ, ಅಭ್ಯಾಸ ತಪ್ಪಿದ್ದರಿಂದ ಹಲ್ಲಿಗೆ ಸಿಕ್ಕಿದೆ. ಬಾಕ್ಸು ಹೊತ್ತವನ ಹಾಗೆ ಮೈಯೆಲ್ಲ ನೋವಿತ್ತು, ಎರಡು ದಿನದಲ್ಲಿ ಹೋಯಿತು. ಸಣ್ಣದಾದರೂ ತಿಳಿಸಿ ಎಂದಿರಲ್ಲ, ತಿಳಿಸಿದ್ದೇನೆ.

ಯುಗಾದಿ ಕಳೆದ ಮಾರನೆಯ ದಿನ ಹರಾಜಿಗೆ ನಿಲ್ಲುತ್ತೇನೆ ಎಂದು ಕೋನಪ್ಪನವರಿಗೆ ಚೀಟಿ ಬರೆದು ಕೊಟ್ಟಿದ್ದೇನೆ. ಈಗ ನನ್ನ ಜಾಗದಲ್ಲಿ ಮುನಿಶಾಮಿ ಎನ್ನುವವನು ಕೂಗುತ್ತಿದ್ದಾನೆ. ಗಂಟಲು ಪರವಾಗಿಲ್ಲ, ಏರಿಸುವುದು ಗೊತ್ತಿಲ್ಲ.

ಮೂರನೆಯ ಸರದಿಯನ್ನು ಸ್ವಲ್ಪ ಬೇಗ ಇಡಲಾದೀತೇ?

ಚಲಪತಿ


ಬೆಂಗಳೂರು
23 ಮಾರ್ಚ್ 2024
(ಸ್ಪೀಡ್ ಪೋಸ್ಟ್)

ಚಲಪತಿಯವರಿಗೆ,

ನಿಮ್ಮ ಪತ್ರ ಇಂದು ಬೆಳಿಗ್ಗೆ ಕೈಸೇರಿತು. ಓದಿದ ಕೂಡಲೇ ಜಾನಕಮ್ಮನವರಿಗೆ ಫೋನ್ ಮಾಡಿದೆ. ನಿಮಗೆ ಬರವಣಿಗೆಯಲ್ಲೂ ಇರಲಿ ಎಂದು ಇದನ್ನು ಕಳಿಸುತ್ತಿದ್ದೇನೆ.

ಭಾನುವಾರ ನಿಮಗೆ ಆದದ್ದು ಬಹುಮಟ್ಟಿಗೆ ಫಿಟ್ಸ್. ನಾಲಿಗೆಯ ಪಕ್ಕ ಕಚ್ಚಿಕೊಳ್ಳುವುದು, ಗೊರಗೊರ ಸದ್ದು, ಎಬ್ಬಿಸಿದರೆ ಏಳದಿರುವುದು, ಆಮೇಲೆ ಮೈನೋವು, ಎಲ್ಲವೂ ಅದನ್ನೇ ಹೇಳುತ್ತವೆ. ‘ಕಾಲೂ ಕೈಯೂ ಅದುರ್ತಿತ್ತಮ್ಮ, ಅದನ್ನೂ ಪತ್ರದಲ್ಲಿ ಬರೀರಿ ಅಂದ್ರೆ ಬೇಡ ಅಂತ ಸನ್ನೆ ಮಾಡಿದ್ರು’ ಎಂದು ಜಾನಕಮ್ಮ ಹೇಳಿದರು. ಕೂಡಲೇ ನರರೋಗ ತಜ್ಞರಿಗೆ ತೋರಿಸಿ. ಇಲ್ಲಿಗೇ ಬರುವುದಾದರೆ ನಮ್ಮ ಆಸ್ಪತ್ರೆಯಲ್ಲಿ ಹೇಳಿಟ್ಟಿದ್ದೇನೆ. ಅಲ್ಲಿಯವರೆಗೆ ಬೈಕು ಓಡಿಸಬೇಡಿ, ಎತ್ತರಕ್ಕೆ ಹತ್ತಬೇಡಿ, ಸ್ನಾನದ ಮನೆಯ ಚಿಲಕ ಹಾಕಿಕೊಳ್ಳಬೇಡಿ.

ಮೂರನೆಯ ಸರದಿ ನಡೆಯುವುದಿಲ್ಲ. ಈ ಪ್ರಯೋಗದಲ್ಲಿ ನೀವು ಮುಂದುವರಿಯುವಂತಿಲ್ಲ.

ಶಾಂಭವಿ


ಚಿಂತಾಮಣಿ
1 ಏಪ್ರಿಲ್ 2024

ಶಾಂಭವಿಯವರಿಗೆ,

ಡಾಕ್ಟರಿಗೆ ತೋರಿಸಿದೆವು. ನೀವು ಹೇಳಿದ್ದನ್ನೇ ಅವರೂ ಹೇಳಿದರು. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು. ತಗೊಳ್ಳುತ್ತಿದ್ದೇನೆ.

ನೀವು ತಿಳಿಸಿ ಎಂದದ್ದಕ್ಕೆ ತಿಳಿಸಿದೆ. ದಿಂಬಿನ ವಿಷಯ ಬರೆಯದೇ ಇದ್ದಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ, ಮೂರನೆಯ ಸರದಿ ನಡೆಯುತ್ತಿತ್ತು. ಇದ್ದದ್ದು ಇದ್ದ ಹಾಗೆ ಬರೆದವನಿಗೆ ಇದು ಮರ್ಯಾದೆಯೇ? ಕಾಯಿಲೆ ಬಂದರೆ ಆಸ್ಪತ್ರೆಯವರು ಒಳಗೆ ಸೇರಿಸಿಕೊಳ್ಳುತ್ತಾರೆ. ನೀವು ಹೊರಗೆ ಹಾಕುತ್ತೀರಿ.

ಅಕ್ಷರ ಬಂದದ್ದು ನಿಜ. ‘ಮ’ ಈಗಲೂ ಬರುತ್ತದೆ. ‘ಪ’ ಕೂಡ ಒಂದೊಂದು ಸಲ ಬರುತ್ತದೆ. ಎರಡನೆಯ ಸರದಿಯಲ್ಲಿ ಮಾಡಿದ್ದನ್ನೇ ಇನ್ನೊಂದು ಸಲ ಮಾಡಿದರೆ ಸಾಕು. ಫಿಟ್ಸಿಗೆ ಮಾತ್ರೆ ಇದೆಯಲ್ಲ, ಮಾತ್ರೆ ನುಂಗಿಯೇ ಮಲಗುತ್ತೇನೆ. ಏನಾದರೂ ಆದರೆ ನನ್ನದೇ ಜವಾಬ್ದಾರಿ ಎಂದು ಬರೆದು ರುಜು ಹಾಕಿಕೊಡುತ್ತೇನೆ.

ಯುಗಾದಿ ಮಾರನೆಯ ದಿನಕ್ಕೆ ಒಪ್ಪಿಕೊಂಡಿದ್ದೇನೆ. ಮಾರ್ಕೆಟ್ಟಿಗೆಲ್ಲ ಗೊತ್ತಾಗಿದೆ. ನಿಮ್ಮ ಗೈಡಿಗೆ ಒಂದು ಮಾತು ಹೇಳಿ ನೋಡಿ.

ಚಲಪತಿ


ಬೆಂಗಳೂರು
12 ಏಪ್ರಿಲ್ 2024

ಚಲಪತಿಯವರಿಗೆ ನಮಸ್ಕಾರ.

ಗೈಡಿಗೆ ಹೇಳಿದೆ. ಸಾಧ್ಯವಿಲ್ಲ ಎಂದರು. ನನ್ನನ್ನು ಕೇಳಿದರೂ ನಾನು ಅದನ್ನೇ ಹೇಳುತ್ತಿದ್ದೆ. ನೀವು ರುಜು ಹಾಕಿಕೊಟ್ಟರೂ ನಿಮ್ಮ ಮಿದುಳಿನ ಅಪಾಯ ಕಡಿಮೆಯಾಗುವುದಿಲ್ಲ.

ಹೀಗೇನಾದರೂ ಆದರೆ ಯಾವ ಸರದಿ ಹುಸಿಯಾಗಿತ್ತು ಎಂಬ ಗುಟ್ಟನ್ನು ತೆರೆದು ನೋಡಬೇಕೆಂಬ ನಿಯಮವಿದೆ. ಕಳೆದ ವಾರ ತೆರೆದರು. ನಿಮ್ಮ ಎರಡನೆಯ ಸರದಿಯೇ ಹುಸಿ. ಅಂದು ಸುರುಳಿ ಬರೀ ಸದ್ದು ಮಾಡಿತು. ನಿಮ್ಮ ಮಿದುಳಿಗೆ ಏನೂ ತಲುಪಿಲ್ಲ. ತುಟಿ ಹಾರದಿದ್ದುದೂ ಅದಕ್ಕೇ. ಆದ್ದರಿಂದ ಫಿಟ್ಸ್ ಬಂದದ್ದು ನಮ್ಮ ಆಯಸ್ಕಾಂತದಿಂದಲ್ಲ, ಲಕ್ವ ಹೊಡೆದ ಜಾಗದಲ್ಲಿ ಉಳಿದ ಗಾಯದ ಕಲೆಯಿಂದ ಎಂದು ವೈದ್ಯರ ಅಭಿಪ್ರಾಯ. ಮಾತ್ರೆ ತಪ್ಪಿಸಬೇಡಿ.

ಇದನ್ನು ಎರಡು ಸಾಲಿನಲ್ಲಿ ತಿಳಿಸಿದರೆ ಸಾಕು ಎಂದು ಗೈಡ್ ಹೇಳಿದ್ದರು. ಎರಡು ಸಾಲಿನಲ್ಲಿ ನನಗೆ ಬರೆಯಲಾಗಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ತನುಜ ಎಂಬ ವಾಕ್ ಚಿಕಿತ್ಸಕಿ ಇದ್ದಾರೆ. ಮಾತು ತಪ್ಪಿದವರಿಗೆ ಬಾಯಿಯ ಚಲನೆಯನ್ನು ಮತ್ತೆ ಕಲಿಸುವುದೇ ಅವರ ಕೆಲಸ. ವಿಳಾಸ ಹಿಂದಿನ ಪುಟದಲ್ಲಿದೆ. ನಿಧಾನದ ಕೆಲಸ, ಆದರೆ ಅದು ಚಿಕಿತ್ಸೆ.

ಕೊನೆಯದಾಗಿ, ಮೊದಲ ಸರದಿಯಲ್ಲಿ ತೆಗೆದ ನಿಮ್ಮ ಚಿತ್ರಗಳನ್ನು ಅಧ್ಯಯನದಲ್ಲಿ ಉಳಿಸಿಕೊಳ್ಳಬಹುದೇ, ಅಳಿಸಬೇಕೇ? ತೀರ್ಮಾನ ನಿಮ್ಮದು.

ಶಾಂಭವಿ


ಬೆಂಗಳೂರು
20 ಮೇ 2024

ಚಲಪತಿಯವರಿಗೆ ನಮಸ್ಕಾರ.

ನನ್ನ ಹಿಂದಿನ ಪತ್ರ ತಲುಪಿತೇ? ಜಾನಕಮ್ಮನವರಿಗೆ ಫೋನ್ ಮಾಡಿದ್ದೆ. ‘ಮಾತ್ರೆ ತಗೊಳ್ತಾವ್ರೆ, ಚೆನ್ನಾಗವ್ರೆ’ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಅವರು ಅಷ್ಟು ಕಡಿಮೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮತ್ತೆ ಫಿಟ್ಸ್ ಬಂದಿಲ್ಲ ತಾನೇ?

ಶಾಂಭವಿ


ಬೆಂಗಳೂರು
2 ಜುಲೈ 2024

ಚಲಪತಿಯವರಿಗೆ ನಮಸ್ಕಾರ.

ಚಿತ್ರಗಳ ಬಗ್ಗೆ ಉತ್ತರ ಕೇಳಲು ಬರೆಯುತ್ತಿದ್ದೇನೆ ಎಂದುಕೊಳ್ಳಿ. ಪ್ರಯೋಗ ಹೋದ ವಾರ ಮತ್ತೆ ಶುರುವಾಗಿದೆ, ಫೈಲುಗಳನ್ನು ಸರಿಪಡಿಸುತ್ತಿದ್ದೇವೆ. ನಿಮ್ಮ ಉತ್ತರ ಬರುವವರೆಗೆ ನಿಮ್ಮ ಚಿತ್ರಗಳನ್ನು ಯಾರೂ ಮುಟ್ಟುವುದಿಲ್ಲ.

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಚಿಂತಾಮಣಿಗೆ ಬರೋಣವೆಂದು ಬಸ್‌ಸ್ಟ್ಯಾಂಡಿನವರೆಗೆ ಹೋಗಿದ್ದೆ. ನೀವು ಕರೆದಿಲ್ಲ ಎಂದು ವಾಪಸ್ಸಾದೆ.

ಶಾಂಭವಿ


ಚಿಂತಾಮಣಿ
9 ಸೆಪ್ಟೆಂಬರ್ 2024

ಅಮ್ಮಾ ಶಾಂಭವಿ,

ಮೂರು ಪತ್ರಕ್ಕೆ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಏಪ್ರಿಲ್ ಪತ್ರ ನನ್ನ ಕೈಗೆ ಬರುವ ಮುಂಚೆಯೇ ಯುಗಾದಿ ಕಳೆದಿತ್ತು. ಒಪ್ಪಿಕೊಂಡಿದ್ದೆನಲ್ಲ, ಮಾರನೆಯ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದೆ. ಜಾನಕಿ ಬೇಡವೆಂದಳು. ಹೊಸ ಪಂಚೆ ಉಟ್ಟಿದ್ದೆ. ಕೋನಪ್ಪನವರು ‘ಬಾರಯ್ಯಾ ಚಲಪತಿ’ ಎಂದು ಕೈಹಿಡಿದು ಬಾಕ್ಸುಗಳ ಮುಂದೆ ನಿಲ್ಲಿಸಿದರು. ವ್ಯಾಪಾರಿಗಳೆಲ್ಲ ಸುತ್ತ ನಿಂತರು. ಮದ್ರಾಸಿಗೆ ಮಾಲು ಕಳಿಸುವವರು, ಮದನಪಲ್ಲಿಯವರು, ಎಲ್ಲ ಹಳಬರೇ. ‘ಮುನ್ನೂರು’ ಎನ್ನಬೇಕಿತ್ತು. ನನಗೆ ‘ಮ’ ಬರುತ್ತಿತ್ತಲ್ಲ, ‘ಮು’ ಬಂದರೆ ಉಳಿದದ್ದು ಹಿಂದೆಯೇ ಬರುತ್ತದೆ ಎಂಬ ಲೆಕ್ಕ ನನ್ನದು. ತುಟಿ ಮುಚ್ಚಿದೆ. ತೆರೆಯಲೇ ಇಲ್ಲ. ಬೆವರು ಸುರಿಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಎಲ್ಲರೂ ಬಾಕ್ಸುಗಳ ಕಡೆ ನೋಡುತ್ತಾ ನಿಂತರು.

ಆಗ ಮುನಿಶಾಮಿ ನನ್ನ ಪಕ್ಕಕ್ಕೆ ಬಂದ. ನನ್ನನ್ನು ಸರಿಸಲಿಲ್ಲ. ‘ಅಣ್ಣ ಕೈ ಎತ್ತಿದ್ರೆ ಹತ್ತು, ಬೆರಳು ಎತ್ತಿದ್ರೆ ಐದು. ಎಲ್ರೂ ಅಣ್ಣನ್ ಕೈ ನೋಡ್ಕೊಳ್ರಪ್ಪ’ ಎಂದು ಜನಕ್ಕೆ ಹೇಳಿ, ‘ಮುನ್ನೂರೂ…’ ಎಂದು ತಾನೇ ಶುರು ಮಾಡಿದ. ಅವತ್ತಿನ ಮಾಲೆಲ್ಲ ಹಾಗೇ ಹೋಯಿತು. ನಾನು ಕೈ ಎತ್ತಿದ್ದು, ಅವನು ಕೂಗಿದ್ದು. ಮನೆಗೆ ಬಂದು ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅವನು ಮಾಡಿದ್ದು ನನ್ನ ಮಾನ ಉಳಿಸಲು ಎಂದು ಗೊತ್ತಿತ್ತು. ಗೊತ್ತಿದ್ದಕ್ಕೇ ಇನ್ನೂ ಸಂಕಟವಾಯಿತು.

ಮುಂದಿನ ವಾರ ನಿಮ್ಮ ಪತ್ರ ಬಂತು. ಎರಡನೆಯ ಸರದಿ ಬರೀ ಸದ್ದು ಎಂದು. ನಾನು ಅದನ್ನು ಜಾನಕಿಗೂ ತೋರಿಸಲಿಲ್ಲ. ಮಾರ್ಕೆಟ್ಟಿನ ಮುಂದೆ ನಿಂತು ನಾಚಿಕೊಂಡದ್ದಕ್ಕಿಂತ, ಖಾಲಿ ಸದ್ದಿಗೆ ‘ಕೆಲಸ ಮಾಡಿದೆ’ ಎಂದು ಸಿಹಿ ಸುದ್ದಿ ಬರೆದೆನಲ್ಲ, ಆ ನಾಚಿಕೆ ದೊಡ್ಡದಾಯಿತು. ನೀವೆಲ್ಲ ಓದಿ ನಕ್ಕಿರುತ್ತೀರಿ ಎಂದುಕೊಂಡೆ. ನೀವು ಫೋನ್ ಮಾಡಿದಾಗ ಇಡು ಎಂದು ಜಾನಕಿಗೆ ಸನ್ನೆ ಮಾಡಿದವನು ನಾನೇ.

ಜಾನಕಿ ಸುಮ್ಮನಿರುವವಳಲ್ಲ. ಪತ್ರ ಹುಡುಕಿ ಓದಿದಳು. ಶಿಡ್ಲಘಟ್ಟದಲ್ಲಿ ತಂಗಿ ಮನೆಗೆ ಹೋಗಿ ಬರುತ್ತೇನೆಂದು ಹೇಳಿ, ಒಬ್ಬಳೇ ಚಿಕ್ಕಬಳ್ಳಾಪುರಕ್ಕೆ ಹೋಗಿ ತನುಜ ಅವರನ್ನು ಕಂಡು ಬಂದಳು. ಸಂಜೆ ನನ್ನ ಮುಂದೆ ಕೂತು ‘ಬೈದ್ರು ಕಣ್ರೀ ನನ್ನ’ ಎಂದಳು. ‘ನೀವೇ ಎಲ್ಲಾ ಮಾತಾಡ್ಬಿಟ್ರೆ ಅವ್ರ್ ಯಾಕ್ರೀ ಮಾತಾಡ್ತಾರೆ ಅಂದ್ರು. ಇನ್ಮೇಲೆ ನಾನ್ ಬಾಯಿ ಬಿಡಲ್ಲ. ನೀರು ಬೇಕಾದ್ರೂ ನೀವೇ ಕೇಳ್ಬೇಕು.’ ಬಿಡಲಿಲ್ಲ ಎಂದರೆ ಬಿಡಲಿಲ್ಲ. ಮೂವತ್ತು ವರ್ಷದಲ್ಲಿ ನಮ್ಮ ಮನೆ ಅಷ್ಟು ನಿಶ್ಶಬ್ದವಾಗಿ ಇದ್ದದ್ದಿಲ್ಲ. ಮಾರನೆಯ ವಾರ ನಾನೇ ಚೀಟಿಯಲ್ಲಿ ‘ಚಿಕ್ಕಬಳ್ಳಾಪುರಕ್ಕೆ ಹೋಗೋಣ’ ಎಂದು ಬರೆದೆ.

ಈಗ ಪ್ರತಿ ಶುಕ್ರವಾರ ಹೋಗುತ್ತೇವೆ. ತನುಜ ಅವರು ಕನ್ನಡಿ ಮುಂದೆ ಕೂರಿಸುತ್ತಾರೆ. ಒಂದೊಂದು ಅಕ್ಷರಕ್ಕೂ ನಾಲಿಗೆ ಎಲ್ಲಿ ಹೋಗಬೇಕೆಂದು ತೋರಿಸಿ, ಕೈಯಿಂದ ತೊಡೆಯ ಮೇಲೆ ತಾಳ ತಟ್ಟಿಸುತ್ತಾರೆ. ಚಿಕ್ಕ ಚಿಕ್ಕ ಮಾತುಗಳು ಬರುತ್ತಿವೆ. ನೀರು, ಬಾ, ಸಾಕು. ಹತ್ತು ಸಲ ಹೇಳಿದರೆ ಆರು ಸಲ ಸರಿಯಾಗುತ್ತದೆ. ಫಿಟ್ಸ್ ಮತ್ತೆ ಬಂದಿಲ್ಲ. ಹರಾಜು ಕೂಗುವುದು ಇನ್ನು ಆಗುವುದಿಲ್ಲ ಎಂದು ನನಗೆ ಗೊತ್ತು, ತನುಜ ಅವರೂ ಮುಚ್ಚಿಡಲಿಲ್ಲ. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗುತ್ತೇನೆ. ಮುನಿಶಾಮಿಗೆ ಏರಿಸುವುದನ್ನು ಕೈಯಲ್ಲೇ ಕಲಿಸುತ್ತಿದ್ದೇನೆ.

ನಿಮ್ಮನ್ನು ಕೇಳಬೇಕಾದ್ದು ಒಂದಿದೆ. ಸುರುಳಿಯಿಂದ ಏನೂ ತಲುಪಲಿಲ್ಲ ಎಂದಿರಿ. ಹಾಗಿದ್ದರೆ ಅವತ್ತು ಬಸ್ಸಿನಲ್ಲಿ ಬಂದ ‘ಮ’ ನನ್ನದೇ ಅಲ್ಲವೇ? ಇದು ಹೊಳೆಯಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಚಿತ್ರಗಳನ್ನು ಅಳಿಸಬೇಡಿ. ಇನ್ನೊಂದು. ಪ್ರಯೋಗ ‘ಮತ್ತೆ ಶುರುವಾಗಿದೆ’ ಎಂದು ಬರೆದಿದ್ದೀರಿ. ಅಂದರೆ ನಿಂತಿತ್ತು. ನನ್ನಿಂದಲೇ?

ಹೋದ ಸೋಮವಾರ ಬೆಳಿಗ್ಗೆ ನಿಮ್ಮ ಲ್ಯಾಬಿಗೆ ಫೋನ್ ಬಂದಿತ್ತು. ನೀವೇ ಎತ್ತಿ ‘ಹಲೋ, ಯಾರು’ ಎಂದು ಮತ್ತೆ ಮತ್ತೆ ಕೇಳಿ ಇಟ್ಟಿರಿ. ಅದು ನಾನು.

ಚಲಪತಿ


ಬೆಂಗಳೂರು
16 ಸೆಪ್ಟೆಂಬರ್ 2024

ಚಲಪತಿ ಸಾರ್‌ಗೆ ನಮಸ್ಕಾರ.

ಹೌದು, ನಿಂತಿತ್ತು. ಫಿಟ್ಸ್ ವಿಷಯವನ್ನು ಇಂಥ ಪ್ರಯೋಗಗಳ ಮೇಲೆ ನಿಗಾ ಇಡುವ ಸಮಿತಿಗೆ ವರದಿ ಮಾಡಿದ ದಿನದಿಂದ ಜೂನ್ ಕೊನೆಯವರೆಗೆ. ನಿಮಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತೀರಿ ಎಂದು ಬರೆದಿರಲಿಲ್ಲ. ನಿಂತದ್ದು ನಿಮ್ಮಿಂದಲ್ಲ, ತಪ್ಪು ನನ್ನದು. ನಿಮ್ಮ ಮೊದಲ ಎರಡು ಪತ್ರಗಳಲ್ಲೇ ನೀವು ಇದನ್ನು ಚಿಕಿತ್ಸೆ ಎಂದು ನಂಬಿದ್ದೀರಿ ಎಂಬುದು ಕಾಣುತ್ತಿತ್ತು. ನಾನು ‘ಚಿಕಿತ್ಸೆಯಲ್ಲ’ ಎಂದು ಒಂದು ಸಾಲು ಬರೆದು ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ನಿಮ್ಮಂಥವರು ಸಿಗುವುದು ಅಪರೂಪ, ನೀವು ಬೇಡವೆಂದುಬಿಟ್ಟರೆ ಎಂಬ ಭಯವೂ ಇತ್ತು. ಈಗ ಹೊಸಬರನ್ನು ಸೇರಿಸಿಕೊಳ್ಳುವ ಮುಂಚೆ ‘ಇದರಿಂದ ನಿಮಗೇನು ಸಿಗುತ್ತದೆ ಎಂದುಕೊಂಡಿದ್ದೀರಿ’ ಎಂದು ಅವರ ಬಾಯಿಂದಲೇ ಹೇಳಿಸುತ್ತೇವೆ. ಮಾತು ಬರದವರು ಬರೆದು ತೋರಿಸುತ್ತಾರೆ.

ಯಾರೂ ನಗಲಿಲ್ಲ. ನಿಮ್ಮ ಸಿಹಿ ಸುದ್ದಿಯ ಪತ್ರ ಓದಿದವಳು ನಾನೊಬ್ಬಳೇ, ಓದಿದ ಕೂಡಲೇ ಜಾನಕಮ್ಮನವರ ನಂಬರು ಒತ್ತಿದೆ.

‘ಮ’ ನಿಮ್ಮದೇ. ಬೇರೆ ಯಾರದ್ದೂ ಆಗಿರಲು ಸಾಧ್ಯವಿಲ್ಲ.

ಸೋಮವಾರದ ಫೋನನ್ನು ನಾನು ಸಾಲ ಕೊಡುವ ಕಂಪನಿಯವರದ್ದು ಎಂದುಕೊಂಡು ಇಟ್ಟೆ. ತಪ್ಪಾಯಿತು. 25ನೇ ತಾರೀಕು, ಬುಧವಾರ, ಮಧ್ಯಾಹ್ನ ಸ್ಕ್ಯಾನ್ ಇಟ್ಟುಕೊಂಡಿಲ್ಲ. ನಾಲ್ಕು ಗಂಟೆಗೆ ಮಾಡಿ. ಎಷ್ಟು ಹೊತ್ತಾದರೂ ಸರಿ.

ಶಾಂಭವಿ


ಬೆಂಗಳೂರು
26 ಸೆಪ್ಟೆಂಬರ್ 2024

ಚಲಪತಿ ಸಾರ್‌ಗೆ ನಮಸ್ಕಾರ.

ನಿನ್ನೆ ಫೋನಿನಲ್ಲಿ ನನ್ನ ಕಡೆ ಏನಾಯಿತೆಂದು ನಿಮಗೆ ಕಾಣುತ್ತಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾಲ್ಕಕ್ಕೆ ಮುಂಚೆಯೇ ಫೋನಿನ ಪಕ್ಕ ಕೂತಿದ್ದೆ. ಎತ್ತಿದಾಗ ಉಸಿರಿನ ಸದ್ದು ಕೇಳಿಸಿತು. ಸಾರ್, ನಾನೇ, ಶಾಂಭವಿ ಎಂದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಏನಾದರೂ ಹೇಳಿ ಆ ಮೌನವನ್ನು ತುಂಬಿಬಿಡೋಣ ಎಂದು ನನಗೆ ಎಷ್ಟು ಅನಿಸಿತೆಂದರೆ ತುಟಿ ಕಚ್ಚಿ ಹಿಡಿದುಕೊಂಡಿದ್ದೆ. ಹಿಂದಿನಿಂದ ಜಾನಕಮ್ಮನವರು ‘ನಾನ್ ಹೇಳ್ಲೇನ್ರೀ?’ ಎಂದದ್ದು, ನೀವು ಮೇಜಿನ ಮೇಲೋ ಏನೋ ಜೋರಾಗಿ ತಟ್ಟಿದ್ದು ಕೇಳಿಸಿತು. ಅವರು ಸುಮ್ಮನಾದರು. ಆ ತಟ್ಟುವುದು ನಿಧಾನವಾಗಿ ತಾಳವಾಯಿತು.

‘ಇಡ್’ ಎಂದಿರಿ. ನಿಂತಿತು. ಮತ್ತೆ ‘ಇಡ್’ ಎಂದಿರಿ. ಇಡಬೇಕೇನೋ, ನಿಮಗೆ ಸಾಕಾಯಿತೇನೋ ಎಂದು ಒಂದು ಕ್ಷಣ ಅನಿಸಿತು. ಅಷ್ಟರಲ್ಲಿ ‘ಬೇಡಿ’ ಬಂತು.

ಇಡಲಿಲ್ಲ, ಸಾರ್.

ಅದಾದ ಮೇಲೆ ನೀವು ಇನ್ನೂ ಒಂದು ಮಾತು ಹೇಳಿದಿರಿ, ಸ್ವಲ್ಪ ಉದ್ದದ್ದು. ನಾನು ‘ಹ್ಞೂಂ’ ಎಂದೆ. ಆ ‘ಹ್ಞೂಂ’ ಸುಳ್ಳು. ನೀವು ಹೇಳಿದ್ದು ನನಗೆ ಅರ್ಥವಾಗಲಿಲ್ಲ. ಏನು ಹೇಳಿದಿರೆಂದು ಪತ್ರದಲ್ಲಿ ಬರೆಯಬೇಡಿ. ಬುಧವಾರ ಮತ್ತೆ ಫೋನ್ ಮಾಡಿ, ಅದನ್ನೇ ಹೇಳಿ. ಈ ಸಲವೂ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದೇ ಹೇಳುತ್ತೇನೆ.

ಶಾಂಭವಿ